ನಿಮಿಷಕ್ಕೆ ಎಷ್ಟು

ಹಾರ್ಶಮ್ಮಿನ ತಗಡಿನ ಶೆಡ್ಡಿನಲ್ಲಿ ಬೆಳಗಿನ ಎಂಟಕ್ಕೇ
ಮೂವತ್ತಾರು ಡಿಗ್ರಿ.
ಗೋಧಿ ಸೈಲೋದ ಮೇಲೆ ಗಲಾ ಗಿಳಿಗಳ ಗದ್ದಲ.
ಹಳೆಯ ಯೂಟ್ ಗಾಡಿಯ ಬಾಗಿಲಿನ ಮುಂದೆ
ಮಂಡಿಯೂರಿ ಕೂತಿದ್ದೇನೆ,
ಕೈಯಲ್ಲಿ ಗಾಳಿಯಿಂದ ತಿರುಗುವ ಸ್ಯಾಂಡರ್,
ಬೆನ್ನ ಹಿಂದೆ ಕೆಂಪು ಕಂಪ್ರೆಸರ್.
ಹರಾಜಿನಲ್ಲಿ ಹಿಡಿದದ್ದು, ನೂರ ಎಂಬತ್ತು ಡಾಲರಿಗೆ.

ಮೊದಲು ಭಾರೀ ಹುರುಪು.
ಹಳೆ ಬಣ್ಣ ಪುಡಿಯಾಗಿ ಏಳುತ್ತದೆ,
ಹಸಿರು, ಅದರಡಿ ಕೆನೆ, ಅದರಡಿ ಬೂದು.
ಆಮೇಲೆ ಗಂಟಲು ಕಟ್ಟಿದ ಹಾಗೆ
ಊಂ ಎಂದು ಇಳಿದು ತಟ್ಟೆ ನಿಂತೇಹೋಗುತ್ತದೆ.
ಹಿಂದೆ ಕಂಪ್ರೆಸರ್ ಮಾತ್ರ ಧಡಧಡ ಧಡಧಡ,
ಹಸಿದ ಹೊಟ್ಟೆಯಲ್ಲಿ ರಾಗಿ ಬೀಸುವವಳ ಸಿಟ್ಟಿನಂತೆ.

ಒತ್ತಡ ಏರಿಸಿದೆ. ಹೋಸು ಬದಲಿಸಿದೆ.
ಜಾಯಿಂಟುಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿದೆ.
ಒಂದೇ ಒಂದು ಸಿಕ್ಕಿತು, ಕಡಲೆಕಾಳಿನಷ್ಟು;
ಬಿಗಿದರೂ ಅದೇ ದಮ್ಮು.

ಪಕ್ಕದ ಕ್ಲೈವ್ ಪೆಂಗೆಲಿ ಬಂದ,
ಮೂಗಿಗೆ ನಳಿಕೆ, ಹೆಗಲಿಗೆ ಆಕ್ಸಿಜನ್ ಪೆಟ್ಟಿಗೆ.
ನಲವತ್ತು ವರ್ಷ ಹಾರ್ವೆಸ್ಟರ್ ರಿಪೇರಿ,
ಅಷ್ಟೇ ವರ್ಷ ಸಿಗರೇಟು.
ಬಾಗಿಲಲ್ಲಿ ನಿಂತು ಉಸಿರು ಕೂಡಿಸಿಕೊಂಡ.

"ಸ್ಟಿಕರ್ ಓದು," ಅಂದ.
ಓದಿದೆ: ನಿಮಿಷಕ್ಕೆ ಇನ್ನೂರ ನಲವತ್ತು ಲೀಟರ್.
"ಅದು ಎಳೆದುಕೊಳ್ಳುವುದು. ಕೊಡುವುದಲ್ಲ."
ಬಗ್ಗಿ ನೋಡಿದರೆ ಜಿಡ್ಡಿನಡಿ ಇನ್ನೊಂದು ಸಣ್ಣ ಪಟ್ಟಿ:
ಕೊಡುವುದು ನೂರೈವತ್ತು.
"ಸ್ಯಾಂಡರ್ ಎಷ್ಟು ಕೇಳುತ್ತೆ?"
ಮುನ್ನೂರು.
"ಮತ್ತೆ?" ಅಂದ. ನಕ್ಕ, ಕೆಮ್ಮಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಹಾಸಿಗೆಗೆ ಅಂಟಿಸಿದ ಸ್ಟಿಕರ್ ನಂಬಿ ಮಲಗಿದವರಲ್ಲ.

ಐವತ್ತು ಲೀಟರಿನ ಟ್ಯಾಂಕಿದೆಯಲ್ಲ ಎಂದೆ.
ಒರತೆ ಬೇರೆ, ತೊಟ್ಟಿ ಬೇರೆ
ಎಂದು ನನಗೆ ಗೊತ್ತಿರಬೇಕಿತ್ತು.
ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಹಾಕಿದೆ.
ಒತ್ತಡ ಎಂಟು ಬಾರ್‌ನಿಂದ ಆರಕ್ಕೆ ಇಳಿಯುವಾಗ
ಟ್ಯಾಂಕು ಬಿಟ್ಟುಕೊಡುವುದು ನೂರು ಲೀಟರ್,
ಕೊರತೆ ನಿಮಿಷಕ್ಕೆ ನೂರೈವತ್ತು,
ಅಂದರೆ ನಲವತ್ತು ಸೆಕೆಂಡು.
ನನ್ನ ಹುರುಪಿನ ಆಯುಸ್ಸು, ಬಿಳಿ ಅಕ್ಷರದಲ್ಲಿ.

"ನನ್ನದು ಎರಡು," ಎಂದ ಕ್ಲೈವ್, ಪೆಟ್ಟಿಗೆ ತಟ್ಟಿ.
"ನಿಮಿಷಕ್ಕೆ. ನಿನ್ನ ಶೆಡ್ಡಿನವರೆಗೆ ಸಾಕು.
ಚರ್ಚಿನ ಮೆಟ್ಟಿಲಿಗೆ ಸಾಲದು.
ದೇವರಿಗೂ ಹೇಳಿದ್ದೇನೆ."

ಗಜೇಂದ್ರಗಡದ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದವಳು ಅಜ್ಜಿ.
ಕುಡುಗೋಲಿಗೆ ಇಷ್ಟು, ನೇಗಿಲ ಕುಳಕ್ಕೆ ಇಷ್ಟು ಎಂದು
ಯಾರೂ ಅವಳಿಗೆ ಅಳೆದು ಹೇಳಲಿಲ್ಲ.
ಕೆಂಡದ ಬಣ್ಣ ನೋಡಿ ಮೊಣಕೈ ತಾನೇ ನಿಧಾನಿಸುತ್ತಿತ್ತು.
ಅಜ್ಜ ಅವಸರಪಟ್ಟರೆ
"ಗಾಳಿ ಬರೂತನ ಕುಂದ್ರು" ಅನ್ನುತ್ತಿದ್ದಳು.
ಸುತ್ತಿಗೆ ಕೆಳಗಿಟ್ಟು ಕೂರುತ್ತಿದ್ದ.

ದೊಡ್ಡದು ಕೊಳ್ಳಬಹುದು.
ಆದರೆ ಅದರ ಪ್ಲಗ್ಗಿನ ಒಂದು ಕಾಲು ಅಗಲ,
ಹದಿನೈದು ಆಂಪಿಯರಿನದು,
ಈ ಶೆಡ್ಡಿನ ಗೋಡೆ ಒಳಗೆ ಬಿಡುವುದಿಲ್ಲ.
ಕೆಲವರು ಆ ಕಾಲನ್ನು ಅರದಿಂದ ಸವೆಸುತ್ತಾರೆ.
ಕ್ಲೈವನ ತಮ್ಮ ಸವೆಸಿದ್ದ.
ಅವನ ಶೆಡ್ಡು ಈಗಿಲ್ಲ.

ಮೊಳೆ ಹೊಡೆಯುವ ಗನ್ನಿಗೆ ಈ ಕೆಂಪು ಡಬ್ಬಿ ಧಾರಾಳಿ.
ಚಕ್ರದ ನಟ್ಟು ಬಿಚ್ಚುವ ಗನ್ನಿಗೂ:
ಟರ್ರ್ ಎಂದು ಐದು ಸೆಕೆಂಡು, ಆಮೇಲೆ
ಉರುಳಿದ ನಟ್ಟು ಹುಡುಕುವಷ್ಟು ಬಿಡುವು.
ಒಂದೇ ಸಮ ಎಳೆಯುವವರ ಜೊತೆ ಇದಕ್ಕೆ ಆಗಿಬರದು.
ನನಗೂ ಆಗಿಬಂದಿಲ್ಲ, ಅದು ಬೇರೆ ಮಾತು.

ಬಾಗಿಲಿನ ಉಳಿದರ್ಧ ಹೀಗೆ ಮುಗಿಸಿದೆ:
ನಲವತ್ತು ಸೆಕೆಂಡು ಯಂತ್ರ,
ಟ್ಯಾಂಕು ತುಂಬುವ ನಲವತ್ತು ಸೆಕೆಂಡು
ಮರದ ತುಂಡಿಗೆ ಸುತ್ತಿದ ಉಜ್ಜುಕಾಗದ, ಕೈ.
ಮೋಟಾರು ಸುಟ್ಟ ವಾಸನೆ ಬಂದಾಗ ಚಹಾ.
ಬಕೆಟ್ಟು ಬೋರಲು ಹಾಕಿ ಕೂತ ಕ್ಲೈವ್
ಗಟ್ಟಿಯಾಗಿ ಎಣಿಸುತ್ತಿದ್ದ, ಹದಿನೆಂಟರವರೆಗೆ;
ಅಲ್ಲಿಂದ ಬೆರಳಿನಲ್ಲಿ.

ಸಂಜೆ ಟ್ಯಾಂಕಿನಡಿಯ ಬಿರಡೆ ತಿರುಗಿಸಿದೆ.
ಮೊದಲು ಉಸ್ಸೆಂದು ಗಾಳಿ,
ಆಮೇಲೆ ತುಕ್ಕಿನ ನೀರು, ಅರ್ಧ ಲೋಟ.
ಏಳು ವಾರದಿಂದ ಹನಿ ಬೀಳದ ಊರಿನ ಗಾಳಿಯಲ್ಲಿ
ಅರ್ಧ ಲೋಟ ನೀರಿತ್ತು!
ಜೆರೇನಿಯಂ ಕುಂಡದತ್ತ ಒಯ್ದೆ.
"ಎಣ್ಣೆ ಇರುತ್ತೆ," ಅಂದ ಕ್ಲೈವ್,
ಒಂದು ಉಸಿರು ಬಿಟ್ಟು,
"ಹಾಕಬೇಡ."