ದಾಳಿಂಬರಿ ಮೂರು, ತೊಳೆದ ಮ್ಯಾಲ

ಸಂಖದ ಬಿಳೇನಿಸಿದ್ದ ರಟ್ಟಿನ ಡಬ್ಬಿ ತಂದು
ನನ್ನ ಕೀಬೋರ್ಡಿನ ಮ್ಯಾಲ ಇಟ್ಟ.
"ಇದೇನಕ್ಕಾ, ದಾಳಿಂಬರಿನೋ
ಬೂದ್ಯಾಗ ಹೊರಳಿಸಿದ ಬದನಿಕಾಯೋ?"

ನೋಡಿದೆ. ಬದನಿಕಾಯಿನ.

ಪೇಜ್‌ಮೇಕರಿನಾಗ ಇದ್ದಾಗ ಕೆಂಪಗಿತ್ತು.
ಇನ್‌ಡಿಸೈನಿಗೆ ತಂದಾಗೂ ಇತ್ತು ಅಂತ ನೆನಪು,
ಆಣಿ ಮಾಡಿ ಹೇಳಲಾರೆ.
ಪಿಡಿಎಫ್ ಮಾಡಿ ಸಾಂಗ್ಲಿಗೆ ಕಳಿಸಿದ್ದೆ.
ಜತ್ತಿಂದ ಸಾಂಗ್ಲಿಗೆ ಎರಡು ತಾಸಿನ ದಾರಿ,
ಫೈಲಿಗೆ ಎರಡು ನಿಮಿಷ.
ಅಷ್ಟರಾಗ ಎಲ್ಲಿ ಸೋರಿತು?

ಮೊದಲು ಪರದಿ ಮ್ಯಾಲ ಸಂಶಯ. ಧೂಳು ಒರಿಸಿದೆ.
ಆಮ್ಯಾಲ ಆರ್‌ಜಿಬಿ, ಸಿಎಂವೈಕೆ.
ಬೆಳಕಿನ ಕೆಂಪಿಗೂ ಶಾಯಿ ಕೆಂಪಿಗೂ
ಬೀಗತನ ಎಂದೂ ಕೂಡಿಲ್ಲ, ಅದು ಗೊತ್ತಿದ್ದದ್ದ,
ಆದರ ಇಷ್ಟು ಬಡವಾಗೂದಿಲ್ಲ.
ಪ್ರೊಫೈಲ್ ಬದಲಿಸಿದೆ. ಇಪಿಎಸ್ ಮಾಡಿದೆ.
ಕೋರಲ್ಲಿನಾಗ ಹಾಯಿಸಿ ತಿರುಗಿ ತಂದೆ.
ಎಲಿ ಹಸರು ಬಂತು, ಅಕ್ಷರದ ಕಪ್ಪು ಬಂತು.
ಹಣ್ಣು ಬರಲಿಲ್ಲ.
ಕರೆಂಟು ಹೋತು, ಬಂತು, ಚಾ ಆರಿತು.

ಪ್ರೆಸ್ಸಿನ ಕುಂಭೋಜಕರ ಫೋನಿನಾಗ ನಕ್ಕ:
"ತಾಈ, ತುಮಚಾ ಲಾಲ ಆಲಾಚ ನಾಹೀ."
ಬಂದೇ ಇಲ್ಲಂತ ನಿಮ್ಮ ಕೆಂಪು.
ಲಗ್ನಕ್ಕ ಬಾರದ ಸೋದರಮಾವನ ಸುದ್ದಿ ಹೇಳಿದಂಗ.

ಮಾಳಿಗಿ ಮ್ಯಾಲಿನ ಹಳೇ ಮಷಿನ್ ಇಳಿಸಿದೆ,
ಹತ್ತಳ್ಳಿ ಗುರುಬಸು ಕಾಕಾ ಹದಿನೇಳು ವರ್ಷ ಕುಂತದ್ದು.
ಈಗ ಆತಗ ಎರಡೂ ಕಣ್ಣಾಗ ಮೋತಿಬಿಂದು,
ಸ್ಟ್ಯಾಂಡಿನ ಕಡೆ ಬೀಗ ರಿಪೇರಿ, ಬರೇ ಬೆರಳಿನಿಂದ.
ಮಷಿನ್ ಏಳಾಕ ಹನ್ನೊಂದು ನಿಮಿಷ ಕೆಮ್ಮಿತು.
ಮೂಲ ಫೈಲು ತೆಗೆದೆ. ಬಣ್ಣದ ಪಟ್ಟಿ ತೆಗೆದೆ.

ಕಂಪನಿ ನಂಬರಲ್ಲ ಅಲ್ಲಿದ್ದದ್ದು.
ಇಂಗ್ಲಿಷ್ ಅಕ್ಷರದಾಗ ಹೊಡೆದ ನಮ್ಮ ಮಾತು:
ಪುಂಡಿಪಲ್ಯ.
ಎಸ್ಟಿ ಬಸ್ಸಿನ ಸೀಟು, ಹರಿದದ್ದು.
ಮಳಿ ಬರೂ ಮುಂಚಿನ ಮಾಡಗ್ಯಾಳ.
ಅವ್ವನ ಇಳಕಲ್, ಎಂಟನೇ ಒಗತ.
ಮನಿಯಾಕಿಗೆ ಹೇಳಬ್ಯಾಡ.
ದಾಳಿಂಬರಿ ಒಂದು.
ದಾಳಿಂಬರಿ ಎರಡು.
ದಾಳಿಂಬರಿ ಮೂರು, ತೊಳೆದ ಮ್ಯಾಲ.

ಕಾಕಾ ತಾನ ಕಲಸಿ ತಾನ ಹೆಸರಿಟ್ಟ ಬಿಡಿ ಬಣ್ಣ.
ಹೊಸ ಮಷಿನ್ನಿಗೆ ಹೆಸರು ಮುಟ್ಟಿತು, ಬಣ್ಣ ಮುಟ್ಟಲಿಲ್ಲ.
ಗುರುತು ಸಿಗದ್ದಕ್ಕ ಬೂದಿ ಹಚ್ಚಿ ಮುಂದ ಕಳಿಸಿತು.
ಅದರ ತಪ್ಪೇನು,
ಆಧಾರ ಇಲ್ಲದ ಮುದುಕಿಗೆ ಬ್ಯಾಂಕಿನಾವ ಮತ್ತೇನು ಮಾಡ್ತಾನ?

ಹೆಸರಿನ ಮ್ಯಾಲ ಎರಡು ಸಲ ಒತ್ತಿದೆ:
ಸಯಾನ್ ಎಂಟು, ಮಜೆಂಟಾ ತೊಂಬತ್ತೇಳು,
ಹಳದಿ ಅರವತ್ತೆರಡು, ಕಪ್ಪು ನಾಕು.

ಈ ನಾಕು ಯಾಕ?
ಕಪ್ಪು ಹಾಕಿದರ ಹಣ್ಣು ಹಳೇದು ಕಾಣೂದಿಲ್ಲೇನು?
ಬಿಳೇನಿಸಿದ್ದ ಚೀಲದಾಗಿನ ಹಣ್ಣು ತೆಗೆದ,
ನಳಕ್ಕ ಹಿಡಿದ, ಅಂಗಿಗೆ ಒರಿಸಾಕ ಹೊಂಟ.
"ತಡಿ, ಒರಿಸಬ್ಯಾಡ," ಅಂದೆ.
ಕಿಟಕಿ ಬೆಳಕಿಗೆ ತಿರುವಿದೆ.
ಧೂಳು ಹೋದ ಸಿಪ್ಪಿ ಮ್ಯಾಲ
ನೀರು ನಿಂತ ಕಡೆ
ಒಂದು ಸಣ್ಣ ಕತ್ತಲಿ.
ಆ ನಾಕು.

ನಾಕೂ ಅಂಕಿ ಹೊಸ ಫೈಲಿನಾಗ ಹೊಡೆದೆ.
ಕುಂಭೋಜಕರಗ ಹೆಸರು ಬೇಕಾಗಿಲ್ಲ, ಪಾಳಿ ಸಾಕು.
ಬಳಸದ ಬಣ್ಣ ಅಳಿಸಲೇನು ಅಂತ ಹಳೇ ಮಷಿನ್ ಕೇಳಿತು.
ಮನಿಯಾಕಿಗೆ ಹೇಳಬ್ಯಾಡ ಒಳಗ ಇಣುಕಿದ್ದೆ:
ತಿಳಿ ಗುಲಾಬಿ, ಇದ್ದೂ ಇಲ್ಲದಷ್ಟು.
ಯಾವ ಡಬ್ಬಿಗೂ ಯಾವ ಲಗ್ನಪತ್ರಿಕೆಗೂ ಹಚ್ಚಿಲ್ಲ.
ಬ್ಯಾಡ ಅಂತ ಒತ್ತಿದೆ.

ಬೇಸ್ತವಾರ ಸಾಂಗ್ಲಿಯಿಂದ ಹೊಸ ಡಬ್ಬಿ ಬಂತು.
ಬಿಳೇನಿಸಿದ್ದ ಮೂಗಿಗೆ ಹಿಡಿದು ಮೂಸಿದ, ಬರೇ ಅಂಟಿನ ವಾಸನಿ.
"ಬಣ್ಣ ತಿರುಗಿ ತಂದದ್ದಕ್ಕ ಎಷ್ಟಕ್ಕಾ?"
"ಇನ್ನೂರು."
ನೂರಾಐವತ್ತು ಕೊಟ್ಟ,
ಹಣ್ಣು ಒಡೆದು ಅರ್ಧ ನನ್ನ ಮುಂದ ಇಟ್ಟ.
ಒಳಗಿನ ಕೆಂಪು ಬ್ಯಾರೆ,
ಪಟ್ಟ್ಯಾಗ ಇರಲಿಲ್ಲ.