ಬಾಗಿಲ ಹಿಡಿ

ತಾರ್ತುವಿನ ಗ್ಯಾರೇಜು ಸಾಲಲ್ಲಿ ಮಾರ್ಚಿಗೂ ಹಿಮ.
ಪಕ್ಕದ ಸೀಟಿನ ಬಾಗಿಲ ಹಿಡಿ ಬಿಚ್ಚಿ
ಉರ್ವೆ ಮಡಿಲಲ್ಲಿಟ್ಟುಕೊಂಡಿದ್ದಾಳೆ,
ಮೀನು ಹೆರೆಯುವವಳ ಹಾಗೆ.

ಹದಿನೆಂಟು ವರ್ಷದ ಸಾಬ್ ಕಾರು. ಮೇಲಿನ ರಬ್ಬರು ಲೇಪ
ಕರಗಿ ಹಲಸಿನ ಮೇಣ.
ಸ್ಪಿರಿಟ್ಟಿನಲ್ಲಿ ಅದ್ದಿದ ಹಳೇ ಬನೀನು;
ಉಜ್ಜಿದಷ್ಟೂ ಕಪ್ಪು, ಉಗುರೊಳಗೂ ಕಪ್ಪು.

ಅಂಟು ಹೋದ ಮೇಲೆ ಕಂಡವು ಮೂರು ಗೀರು:
ಹಿಂದೆ ಇಲ್ಲಿ ಕೂತವರ ಉಂಗುರ.
ಈ ದೇಶದಲ್ಲಿ ಮದುವೆಯುಂಗುರ ಬಲಗೈಗೆ.
ಸಿಟ್ಟಲ್ಲಿ ಬಾಗಿಲೆಳೆದದ್ದೆಷ್ಟು ಸಲ, ಸುಮ್ಮನೆ ಎಷ್ಟು ಸಲ?
ಆರುನೂರರ ಉಪ್ಪುಕಾಗದ ಕೇಳಲಿಲ್ಲ;
ಸವರಿತು.

ಬಣ್ಣದ ಡಬ್ಬಿಗೆ ಬಿಸಿನೀರ ಸ್ನಾನ,
ತೆಳ್ಳಗೆ ಮೂರು ಕೋಟು, ನಡುನಡುವೆ ಕಾಫಿ.
ಸಂಜೆಗೆ ಸ್ಕ್ರೂ ಬಿಗಿದು, ಲೈಟು ಹಾಕಿ ನೋಡಿದಳು:
ಹಿಡಿ ನಿನ್ನೆ ಹುಟ್ಟಿದ್ದು.
ಥತ್, ಮಿಕ್ಕ ಕಾರೆಲ್ಲ ಒಮ್ಮೆಲೇ ಮುದಿ.