ನಲವತ್ತನೇ ನಂಬರಿನ ನೂಲು

ತೊಕ್ಕೊಟ್ಟಿನಲ್ಲಿ ಬಸ್ಸಿಳಿದರೆ
ಮೀನಿನ ಐಸು ಕರಗಿ ಹರಿದ ರಸ್ತೆ,
ಆಚೆ ಬದಿ ಮೊಬೈಲ್ ಅಂಗಡಿ, ಅದರ ಮೇಲಿನ ಮಾಳಿಗೆ.
ಹದಿನೇಳು ಮೆಟ್ಟಿಲು. ಮೊದಲ ದಿನವೇ ಎಣಿಸಿದ್ದೆ,
ನಾಚಿಕೆಯಾಗಿ ಇಳಿದು ಓಡಬೇಕಾದರೆ ಲೆಕ್ಕ ಗೊತ್ತಿರಲಿ ಅಂತ.

ಮೂರು ತಿಂಗಳ ಬೇಸಿಕ್ ಕೋರ್ಸು, ಫೀಸು ಎರಡು ಕಂತು.
ಫಾರಮ್ಮಿನಲ್ಲಿ ಹೆಸರು: ಯಶವಂತಿ. ವಯಸ್ಸು: ಮೂವತ್ತೊಂಬತ್ತು.
ಹಿಂದಿನ ಅನುಭವ ಎಂಬಲ್ಲಿ ಒಂದು ಖಾಲಿ ಗೆರೆ.
ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದ್ದೇನೆ. ಬರೆಯುವುದೋ?
'ಇಲ್ಲ' ಅಂತ ಬರೆದೆ.
ಪಕ್ಕದ ರಂಸೀನಾಳಿಗೆ ಹತ್ತೊಂಬತ್ತು,
ನನ್ನನ್ನೇ ಟೀಚರ್ ಅಂದುಕೊಂಡು ಎದ್ದು ನಿಂತಳು ಪಾಪ.

ಮೊದಲ ಪಾಠ: ಕೈ ತೊಳೆಯುವುದು.
ಎರಡನೇ ಪಾಠ: ಇನ್ನೊಮ್ಮೆ ತೊಳೆಯುವುದು.
ಟವೆಲು ಒಬ್ಬರಿಗೆ ಒಂದು, ಚಮಚ ಕುದಿನೀರಿಗೆ,
ಒಬ್ಬರಿಗೆ ಬಳಸಿದ ನೂಲು ಸೀದಾ ಬುಟ್ಟಿಗೆ.
ಪ್ರೆಸಿಲ್ಲಾ ಮೇಡಂ ನನ್ನ ಬೆರಳು ಹಿಡಿದು ಮೂಸಿದರು.
"ಎಂಥದಿದು, ಹೊಗೆಸೊಪ್ಪಾ?"
ನಾನು ನೆಲ ನೋಡಿದೆ.
ಲಿಂಬೆ ಹೋಳೊಂದು ಅಂಗೈಗೆ ಬಂತು.
"ತಿಕ್ಕು. ನಮ್ಮದು ಮೂಗಿನ ಹತ್ತಿರದ ಕೆಲಸ ಮಾರಾಯ್ತಿ."

ಪುಸ್ತಕದಲ್ಲಿ ಚರ್ಮಕ್ಕೆ ಮೂರು ಪದರ,
ಮೂರಕ್ಕೂ ನಾಲಗೆಗೆ ಹತ್ತದ ಹೆಸರು.
ರಾತ್ರಿ ಪಾತ್ರೆ ತೊಳೆಯುತ್ತ ನಾನೇ ಗುರುತಿಟ್ಟುಕೊಂಡೆ:
ಬಿಸಿಲಿಗೆ ಕಾಣುವುದು,
ನೋವಿಗೆ ಸಿಗುವುದು,
ಬಸುರಿನಲ್ಲಿ ಬಂದು ಹೋಗದೆ ಉಳಿದದ್ದು.
ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕಿಲ್ಲವಂತೆ.

ಮೇಣದ ಪಾಠ ನಮ್ಮ ನಮ್ಮ ಮೊಣಕಾಲಿಗೇ.
ಹರಿಣಾಕ್ಷಿ ಕೂಗಿದ ಕೂಗಿಗೆ ಕೆಳಗಿನ ಮೊಬೈಲಿನವನು
ಹದಿನೇಳೂ ಮೆಟ್ಟಿಲು ಹಾರಿ ಬಂದ.
ಬಾಗಿಲಿಂದಲೇ ಹಿಂದೆ.

ನಾಲ್ಕನೇ ವಾರ ನೂಲಿನ ಉಂಡೆ ಬಂತು,
ನಲವತ್ತನೇ ನಂಬರು, ಬಿಳಿ.
ಒಂದು ತುದಿ ಹಲ್ಲಿಗೆ, ಒಂದು ತುದಿ ಎಡಗೈಗೆ,
ನಡುವೆ ತಿರುಚು, ಅಗಲಿಸು, ಮುಚ್ಚು.
ಹುಡುಗಿಯರ ನೂಲು ಪಟಪಟ ತುಂಡಾಗುತ್ತಿತ್ತು.
ನನ್ನ ಬೆರಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.
ಎಷ್ಟು ಬಿಗಿದರೆ ಹರಿಯುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ,
ದಿನಕ್ಕೆ ಸಾವಿರ ಸಲ ಎಲೆ ಕೇಳಿದ ಪ್ರಶ್ನೆಯೇ ಅದು;
ತಪ್ಪಿದ್ದನ್ನು ಬ್ರಾಂಚಿನ ಚೆಕ್ಕರ್
ಮುಖಕ್ಕೇ ಎಸೆಯುತ್ತಿದ್ದ.
ಮೇಡಂ ಹಿಂದೆ ಬಂದು ನಿಂತರು. ಮಾತಿಲ್ಲ.
ಮೇಜಿನ ಖಾನೆಯಲ್ಲಿ ನನ್ನ ಫಾರಮ್ಮು,
ಅದರಲ್ಲಿ ನಾನೇ ಬರೆದ 'ಇಲ್ಲ'.

ಪರೀಕ್ಷೆಗೆ ಮಾಡೆಲನ್ನು ನಾವೇ ತರಬೇಕು.
ನಾದಿನಿಗೆ ರಜೆ ಇಲ್ಲ, ಪಕ್ಕದ ಮನೆಯವಳಿಗೆ ಭಯ.
ಕೊನೆಗೆ ಅಮ್ಮನ ಮಡಿಲಿಂದ ತಡ್ಪೆ ಇಳಿಸಿ
ಏಳೂವರೆಯ ಬಸ್ಸು ಹತ್ತಿಸಿದೆ.
"ದಾಯೆಗ್? ನನ್ನ ಹುಬ್ಬು ಯಾರು ನೋಡಲಿಕ್ಕುಂಟು?"
"ಮಂಗಳೂರಿನಿಂದ ಒಬ್ಬರು ಬರುತ್ತಾರೆ, ಪೆನ್ನು ಹಿಡಿದುಕೊಂಡು."

ಕುರ್ಚಿ ಹಿಂದಕ್ಕೆ ಬಾಗಿದಾಗ ಕೈಹಿಡಿ ಗಟ್ಟಿ ಹಿಡಿದಳು,
ಫೇರಿ ದೋಣಿ ಹತ್ತಿದವರ ಹಾಗೆ.
ಹತ್ತಿಯಲ್ಲಿ ಹಾಲು, ಹಣೆಯಿಂದ ಕಿವಿಯ ಕಡೆಗೆ,
ಗಲ್ಲದಿಂದ ಮೇಲಕ್ಕೆ, ಯಾವಾಗಲೂ ಮೇಲಕ್ಕೆ.
ಅಪ್ಪ ಸತ್ತ ದಿನ ಒರೆಸಿದ್ದು ಬಿಟ್ಟರೆ
ಈ ಮುಖವನ್ನು ನಾನು ಮುಟ್ಟಿದ್ದೇ ಇಲ್ಲ.
ಹುಬ್ಬಿನಲ್ಲಿ ಬಿಳಿ ಕೂದಲು ಒಂದು, ಎರಡು, ಐದು.
ಚರ್ಮ ಎಳೆದು ಹಿಡಿಯಮ್ಮ ಅಂದರೆ
ಹಿಡಿದ ಕೈ ಜಾರಿತು. ಗೊರಕೆ.

"ಮಾಡೆಲ್ ಮಲಗಿದ್ದಾರಲ್ಲ," ಎಂದರು ಪರೀಕ್ಷಕಿ.
"ಎಬ್ಬಿಸಿ, ಎರಡೂ ಬದಿ ಸಮ ಉಂಟಾ ನೋಡಬೇಕು."
ಎರಡು ನಿಮಿಷ ಮೇಡಂ, ಎಂದೆ.
ನಾಲ್ಕಾಯಿತು. ಅವರು ಗಡಿಯಾರ ನೋಡಲಿಲ್ಲ.

ಎದ್ದವಳು ಕನ್ನಡಿಯ ಕಡೆ ತಿರುಗಲೂ ಇಲ್ಲ.
ಬಗ್ಗಿ, ಬುಟ್ಟಿಯ ಅಂಚಿಗೆ ಸಿಕ್ಕಿದ್ದ ನೂಲೆತ್ತಿ
ಬೆರಳಿಗೆ ಸುತ್ತಿಕೊಳ್ಳತೊಡಗಿದಳು.
"ಇಷ್ಟುದ್ದದ್ದು ಬಿಸಾಡುತ್ತೀರಾ?
ಎಂಟು ಬೀಡಿ ಕಟ್ಟಬಹುದಲ್ಲ ಮಗಾ."

ಪೆನ್ನು ಕಾಗದದ ಮೇಲೆ ನಿಂತಿತ್ತು.
ಬಳಸಿದ ನೂಲಿನ ನಿಯಮ ನನಗೆ ಬಾಯಿಪಾಠ.
ಹೇಳಲಿಲ್ಲ.